ಸರ್, ಒಮ್ಮೆ ಬಂದು ನೋಡ್ತೀರಾ?

ವಾರ್ಡಿನಲ್ಲಿ ಹಗಲು ರಾತ್ರಿ ರೋಗಿಯ ಪಕ್ಕ ಇರುವವರು ನರ್ಸ್. ಬಂದು, ನೋಡಿ, ಬರೆದು ಹೋಗುವವರು ಡಾಕ್ಟರ್. ಇವರಿಬ್ಬರು ಆಡಿದ ಮಾತು, ಆಡದೆ ನುಂಗಿದ ಮಾತು ಎರಡೂ ಕೊನೆಗೆ ಮುಟ್ಟುವುದು ಮಂಚದ ಮೇಲೆ ಮಲಗಿದವರನ್ನು.

ರಾತ್ರಿ ಪಾಳಿಯ ನರ್ಸ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

‘ಸರ್, 12ನೇ ಬೆಡ್ ಪೇಶೆಂಟ್ ಯಾಕೋ ಸರಿ ಇಲ್ಲ ಸರ್.’

‘ಬಿ.ಪಿ. ಎಷ್ಟಿದೆ ಸಿಸ್ಟರ್?’

‘170–100 ಇದೆ ಸರ್. ಉಸಿರಾಟ ಜಾಸ್ತಿ ಆಗ್ತಿದೆ. ಮಲಗೋಕೇ ಆಗ್ತಿಲ್ಲ ಅಂತ ಎದ್ದು ಕೂತಿದಾರೆ... ಹೋದ ವಾರ 7ನೇ ಬೆಡ್‌ನವರಿಗೂ ಹಿಂಗೇ ಆಗಿತ್ತು ಸರ್. ಚೀಫ್ ಲ್ಯಾಸಿಕ್ಸ್ ಕೊಡಿಸಿದ್ರು.’

‘ಹ್ಞಾಂ, ಅದನ್ನೇ ಹೇಳೋಣ ಅಂತಿದ್ದೆ. 40 ಐ.ವಿ. ಕೊಡಿ. ಬರ್ತೀನಿ.’

ಔಷಧದ ಹೆಸರು ಮೊದಲು ಯಾರ ಬಾಯಿಂದ ಬಂತೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ನರ್ಸ್ ಸಲಹೆ ಕೊಟ್ಟರು, ಕೊಟ್ಟಂತೆ ಕಾಣಲಿಲ್ಲ. ಡಾಕ್ಟರ್ ಸಲಹೆ ತೆಗೆದುಕೊಂಡರು, ಕೇಳಿದಂತೆ ಕಾಣಲಿಲ್ಲ. ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಸ್ಟೈನ್ 1967ರಲ್ಲಿ ಬರೆದ ಪುಟ್ಟ ಪ್ರಬಂಧವೊಂದರಲ್ಲಿ ಇದನ್ನು ‘ಡಾಕ್ಟರ್–ನರ್ಸ್ ಆಟ’ ಎಂದು ಕರೆದ. ಆಟದ ಮುಖ್ಯ ನಿಯಮ ಒಂದೇ: ಏನೇ ಆದರೂ ಇಬ್ಬರೂ ಎದುರಾಎದುರು ಭಿನ್ನಾಭಿಪ್ರಾಯ ತೋರಿಸಕೂಡದು. 1990ರಲ್ಲಿ ಸ್ಟೈನ್ ಇನ್ನಿಬ್ಬರ ಜೊತೆ ಸೇರಿ ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡ. ಅಷ್ಟರಲ್ಲಿ ಅಲ್ಲಿನ ನರ್ಸ್‌ಗಳು ಈ ಆಟ ಸಾಕೆಂದು ಹೊರಬರತೊಡಗಿದ್ದರು.

ನಮ್ಮಲ್ಲಿ ಆಟ ಇನ್ನೂ ಜೋರಾಗಿಯೇ ನಡೆದಿದೆ. ಅದನ್ನು ಬರೀ ಗುಲಾಮಗಿರಿ ಎಂದು ಜರೆಯಲು ನನಗೆ ಮನಸ್ಸಿಲ್ಲ. ಚೆನ್ನಾಗಿ ಆಡಿದಾಗ ರೋಗಿಯ ಜೀವ ಉಳಿಯುತ್ತದೆ, ಡಾಕ್ಟರ ಮರ್ಯಾದೆಯೂ ಉಳಿಯುತ್ತದೆ. ಅನುಭವಿ ಸಿಸ್ಟರ್ ಒಬ್ಬರು ಇದರಲ್ಲಿ ತೋರಿಸುವ ಜಾಣ್ಮೆ ನಮ್ಮ ಎಷ್ಟೋ ರಾಜತಾಂತ್ರಿಕರಿಗೆ ಬಾರದು. ತೊಂದರೆ ಎಲ್ಲಿ ಬರುತ್ತದೆಂದರೆ, ಈ ಆಟಕ್ಕೆ ಇಬ್ಬರೂ ಪಳಗಿದವರಾಗಿರಬೇಕು. ಹೊಸದಾಗಿ ಸೇರಿದ ನರ್ಸ್‌ಗೆ ಸುಳಿವು ಕೊಡುವ ಧೈರ್ಯ ಇರುವುದಿಲ್ಲ. ಮೂವತ್ತಾರು ಗಂಟೆ ನಿದ್ದೆಗೆಟ್ಟ ಪಿ.ಜಿ. ಡಾಕ್ಟರಿಗೆ ಸುಳಿವು ಹಿಡಿಯುವ ತ್ರಾಣ ಇರುವುದಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನರ್ಸ್ ಕೇರಳದವರು, ಡಾಕ್ಟರ್ ಉತ್ತರದವರು, ರೋಗಿ ರಾಯಚೂರಿನವರು. ಮೂರು ಭಾಷೆಗಳ ನಡುವೆ ‘ಯಾಕೋ ಸರಿ ಇಲ್ಲ’ ಎಂಬ ಮಾತಿನ ತೂಕ ಎಲ್ಲೋ ಸೋರಿಹೋಗುತ್ತದೆ.

ರೌಂಡ್ಸ್ ಸಮಯದಲ್ಲೂ ಇದೇ ಕಥೆ. ಮುಂದೆ ಯೂನಿಟ್ ಚೀಫ್, ಹಿಂದೆ ಪಿ.ಜಿ.ಗಳು, ಅವರ ಹಿಂದೆ ಹೌಸ್ ಸರ್ಜನ್‌ಗಳು, ಕೊನೆಯಲ್ಲಿ ಕೇಸ್ ಶೀಟ್ ಹಿಡಿದ ಸಿಸ್ಟರ್. ‘ಯೂರಿನ್ ಔಟ್‌ಪುಟ್ ಎಷ್ಟು?’ ಎಂದು ಚೀಫ್ ಕೇಳುವುದು ಪಿ.ಜಿ.ಯನ್ನು. ಪಿ.ಜಿ. ಚಾರ್ಟ್ ನೋಡಿ ಉತ್ತರ ಹೇಳುತ್ತಾರೆ. ರಾತ್ರಿಯೆಲ್ಲ ಅಳೆದು ಚಾರ್ಟಿನಲ್ಲಿ ಬರೆದವರು ಎರಡು ಹೆಜ್ಜೆ ಆಚೆ ನಿಂತಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಅಂಕಿ ಚೀಫ್‌ಗೆ ತಲುಪಿತು ನಿಜ. ‘ಸಂಜೆಯಿಂದ ಯಾಕೋ ಮಾತು ಕಡಿಮೆ ಮಾಡಿದಾರೆ, ಊಟ ಬೇಡ ಅಂತಾರೆ’ ಎಂಬಂಥದ್ದನ್ನು ಬರೆಯಲು ಆ ಚಾರ್ಟಿನಲ್ಲಿ ಖಾನೆ ಇಲ್ಲ.

ಫೋನಿನಲ್ಲಿ ಬಂದ ಆಜ್ಞೆ

1966ರಲ್ಲಿ ಚಾರ್ಲ್ಸ್ ಹಾಫ್ಲಿಂಗ್ ಎಂಬ ಮನೋವೈದ್ಯ ಮತ್ತು ಅವನ ಸಂಗಡಿಗರು ಅಮೆರಿಕದ ಆಸ್ಪತ್ರೆಗಳಲ್ಲಿ ನಡೆಸಿದ ಒಂದು ಪ್ರಯೋಗದ ವರದಿ ಪ್ರಕಟವಾಯಿತು. ವಾರ್ಡಿನಲ್ಲಿ ಒಬ್ಬರೇ ಇದ್ದ ನರ್ಸ್‌ಗೆ ಅಪರಿಚಿತ ‘ಡಾಕ್ಟರ್’ ಒಬ್ಬನ ಫೋನ್ ಬರುತ್ತದೆ. ಇಂಥ ರೋಗಿಗೆ ಆಸ್ಟ್ರೊಟೆನ್ 20 ಮಿಲಿಗ್ರಾಂ ಕೊಡಿ, ನಾನು ಬಂದು ಸಹಿ ಹಾಕುತ್ತೇನೆ ಎನ್ನುತ್ತಾನೆ. ಆಸ್ಟ್ರೊಟೆನ್ ಎಂಬ ಔಷಧವೇ ಇಲ್ಲ. ಪ್ರಯೋಗಕ್ಕೆಂದು ಸೃಷ್ಟಿಸಿ ಕಪಾಟಿನಲ್ಲಿಟ್ಟ ಡಬ್ಬಿ. ಅದರ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು ಸ್ಪಷ್ಟವಾಗಿ ಬರೆದಿತ್ತು. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದೂ ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಆದರೂ 22 ನರ್ಸ್‌ಗಳಲ್ಲಿ 21 ಮಂದಿ ಔಷಧ ಕೊಡಲು ಹೊರಟರು. ರೋಗಿಯ ಬಳಿ ತಲುಪುವ ಮೊದಲೇ ಅವರನ್ನು ತಡೆಯಲಾಯಿತು. ಹೀಗಾದರೆ ನೀವೇನು ಮಾಡುತ್ತೀರಿ ಎಂದು ಬೇರೆ ನರ್ಸ್‌ಗಳನ್ನು ಕೇಳಿದಾಗ ಹೆಚ್ಚಿನವರು ‘ಖಂಡಿತ ಕೊಡೋದಿಲ್ಲ’ ಎಂದಿದ್ದರು!

ಈ ಪ್ರಯೋಗವನ್ನು ನರ್ಸ್‌ಗಳ ವಿಧೇಯತೆಗೆ ಉದಾಹರಣೆಯಾಗಿ ಹೇಳಿ ಕೈತೊಳೆದುಕೊಳ್ಳುವವರು ಅದರ ಮುಂದಿನ ಅಧ್ಯಾಯವನ್ನು ಹೇಳುವುದಿಲ್ಲ. 1977ರಲ್ಲಿ ಇನ್ನಿಬ್ಬರು ಸಂಶೋಧಕರು ಇದನ್ನೇ ಬದಲಿಸಿ ಮಾಡಿದರು. ಈ ಸಲ ನರ್ಸ್‌ಗಳಿಗೆ ಪರಿಚಯವಿದ್ದ ವೇಲಿಯಮ್ ಔಷಧ, ಆದರೆ ಮಿತಿ ಮೀರಿದ ಪ್ರಮಾಣ. ಅಕ್ಕಪಕ್ಕದ ಸಹೋದ್ಯೋಗಿಗಳನ್ನು ಕೇಳುವ ಅವಕಾಶವೂ ಇತ್ತು. 18 ಮಂದಿಯಲ್ಲಿ ಕೊಡಲು ಮುಂದಾದವರು ಇಬ್ಬರೇ. ಮೊದಲ ಪ್ರಯೋಗದಲ್ಲಿದ್ದ ನರ್ಸ್ ಒಂಟಿ, ಔಷಧ ಅಪರಿಚಿತ. ಎರಡನೆಯದರಲ್ಲಿ ‘ಏನ್ರೀ, ಇಷ್ಟೊಂದು ಡೋಸ್ ಹೇಳ್ತಿದಾರೆ?’ ಎಂದು ಪಿಸುಗುಡಲು ಪಕ್ಕದಲ್ಲೊಬ್ಬರು ಇದ್ದರು. ನಮ್ಮ ಜಿಲ್ಲಾಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ಸಣ್ಣ ನರ್ಸಿಂಗ್ ಹೋಮಿನ ಎರಡನೇ ಮಹಡಿಯಲ್ಲಿ ನರ್ಸ್ ಎಷ್ಟು ಒಂಟಿ ಎಂಬುದನ್ನು ನೆನೆದರೆ ಈ ಎರಡು ಪ್ರಯೋಗಗಳಲ್ಲಿ ನಾವು ಯಾವುದಕ್ಕೆ ಹತ್ತಿರವಿದ್ದೇವೆಂದು ಹೇಳಬೇಕಿಲ್ಲ.

ಭಾರತದ ನ್ಯಾಯಾಲಯಗಳೂ ಇದನ್ನು ಕಂಡಿವೆ. 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ಟೈಫಾಯ್ಡ್ ಎಂದು ದಾಖಲಾದ ಮಗುವಿಗೆ ನರ್ಸ್ ತಪ್ಪು ಇಂಜೆಕ್ಷನ್ ಕೊಟ್ಟು ಹೃದಯ ನಿಂತುಹೋಗಿತ್ತು. ಮಗು ಉಳಿಯಿತು, ಮಿದುಳು ಹಾಳಾಯಿತು. ಕೊಟ್ಟವರು ಅರ್ಹತೆ ಪಡೆದ ನರ್ಸ್ ಆಗಿರಲಿಲ್ಲ. ಆದರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲು ನ್ಯಾಯಾಲಯ ಬಿಡಲಿಲ್ಲ. ತಾನು ಮಾಡಬೇಕಿದ್ದ ಕೆಲಸವನ್ನು ನರ್ಸ್‌ಗೆ ಬಿಟ್ಟ ಡಾಕ್ಟರ್ ಮತ್ತು ಅಂಥವರನ್ನು ಕೆಲಸಕ್ಕಿಟ್ಟುಕೊಂಡ ಆಸ್ಪತ್ರೆಯನ್ನೂ ಹೊಣೆ ಮಾಡಿತು. ಎಡವಟ್ಟು ಬರಹದಲ್ಲೇ ಶುರುವಾಗುವುದೂ ಉಂಟು. ಡಾಕ್ಟರುಗಳ ಕೈಬರಹದ ಬಗ್ಗೆ ನಾವೆಲ್ಲ ನಗೆಹನಿ ಹೇಳಿ ನಗುತ್ತೇವೆ. ಅದನ್ನು ಓದಿ ಸಿರಿಂಜಿಗೆ ಎಳೆಯಬೇಕಾದವರಿಗೆ ನಗು ಬರುವುದಿಲ್ಲ. ಇನ್ಸುಲಿನ್ ಪ್ರಮಾಣ ಬರೆಯುವಾಗ ಯೂನಿಟ್ ಎಂಬುದನ್ನು ಇಂಗ್ಲಿಷಿನ ‘ಯು’ ಒಂದರಲ್ಲೇ ಮುಗಿಸಿದರೆ, ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಬಹುದು. ಔಷಧದ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮವನ್ನೇ ಮಾಡಬೇಕಾಯಿತು.

ತಂದಿಟ್ಟ ಟ್ರೇ, ರದ್ದಾದ ಹಾಸಿಗೆ

ಈ ವಿಷಯದಲ್ಲಿ ಜಗತ್ತಿನ ಎಷ್ಟೋ ವೈದ್ಯಕೀಯ ತರಗತಿಗಳಲ್ಲಿ ಇಂದು ಹೇಳುವ ಘಟನೆ ಇಂಗ್ಲೆಂಡಿನದು. 2005ರ ಮಾರ್ಚ್ 29ರಂದು ಇಲೇನ್ ಬ್ರೊಮಿಲಿ ಎಂಬಾಕೆ ಸೈನಸ್‌ನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಓಟಿಗೆ ಹೋದರು. ಎರಡು ಮಕ್ಕಳ ತಾಯಿ, ಆರೋಗ್ಯವಂತೆ. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ತಜ್ಞರು ಒಬ್ಬರಲ್ಲ, ಮೂವರು ಸೇರಿದರು. ಗಂಟಲಿನೊಳಗೆ ನಳಿಕೆ ತೂರಿಸಲು ಯತ್ನಿಸಿದರು, ಆಗಲಿಲ್ಲ. ಮತ್ತೆ ಯತ್ನಿಸಿದರು, ಮತ್ತೆ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ನೇರವಾಗಿ ಗಾಳಿ ಕೊಡಬೇಕು. ಪುಸ್ತಕದಲ್ಲಿ ಇದು ಇದೆ, ಮೂವರೂ ಓದಿದವರೇ. ಆದರೆ ಒಂದೇ ದಾರಿಯಲ್ಲಿ ಸಿಕ್ಕಿಕೊಂಡ ಮನಸ್ಸಿಗೆ ಪಕ್ಕದ ದಾರಿ ಕಾಣುವುದಿಲ್ಲ, ಗಡಿಯಾರವೂ ಕಾಣುವುದಿಲ್ಲ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಆಕೆಯ ಮಿದುಳಿಗೆ ಸಾಕಷ್ಟು ಆಮ್ಲಜನಕ ಸಿಗಲಿಲ್ಲ.

ಆ ಕೋಣೆಯಲ್ಲಿದ್ದ ನರ್ಸ್‌ಗಳಿಗೆ ಅದು ಕಂಡಿತ್ತು. ಒಬ್ಬರು ಯಾರೂ ಹೇಳದೆ ಕತ್ತು ಕೊಯ್ಯುವ ಸಲಕರಣೆಯ ಟ್ರೇ ತಂದು, ತಂದಿದ್ದೇನೆ ಎಂದು ಹೇಳಿದರು. ಯಾರೂ ಉತ್ತರ ಕೊಡಲಿಲ್ಲ. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿ ಬಂದು ತಿಳಿಸಿದರು. ಡಾಕ್ಟರುಗಳು ನೋಡಿದ ನೋಟದಲ್ಲಿ ‘ಇಷ್ಟಕ್ಕೆಲ್ಲ ಯಾಕೆ ಗಾಬರಿ?’ ಎಂಬ ಭಾವ ಕಂಡು, ಅವರೇ ಹೋಗಿ ಹಾಸಿಗೆಯನ್ನು ರದ್ದು ಮಾಡಿದರು. ಇಲೇನ್‌ಗೆ ಮತ್ತೆ ಪ್ರಜ್ಞೆ ಬರಲಿಲ್ಲ. 13 ದಿನದ ಮೇಲೆ ತೀರಿಕೊಂಡರು. ಏನು ಮಾಡಬೇಕೆಂದು ತಮಗೆ ಗೊತ್ತಿತ್ತು, ಅದನ್ನು ಹೇಗೆ ಹೇಳಬೇಕೆಂದು ಗೊತ್ತಾಗಲಿಲ್ಲ ಎಂದು ನರ್ಸ್‌ಗಳು ಆಮೇಲೆ ವಿಚಾರಣೆಯಲ್ಲಿ ಹೇಳಿದರು.

ಇಲೇನ್‌ನ ಗಂಡ ಮಾರ್ಟಿನ್ ವಿಮಾನದ ಪೈಲಟ್. ವಿಮಾನ ಬಿದ್ದಾಗ ಯಾರನ್ನು ಜೈಲಿಗೆ ಹಾಕಬೇಕೆನ್ನುವುದಕ್ಕಿಂತ ಮೊದಲು ಕಾಕ್‌ಪಿಟ್‌ನಲ್ಲಿ ಏನು ಮಾತು ನಡೆಯಿತೆಂದು ಹುಡುಕುವ ವೃತ್ತಿ ಅದು. ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾನೆಂದು ಗೊತ್ತಿದ್ದೂ ಕಿರಿಯ ಪೈಲಟ್ ಸುಮ್ಮನಿದ್ದುದರಿಂದ ಬಿದ್ದ ವಿಮಾನಗಳ ಕಥೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರುಗಳ ಮೇಲೆ ಸೇಡಿಗೆ ಹೋಗದೆ, 2007ರಲ್ಲಿ ಅವರೊಂದು ಸಂಘ ಕಟ್ಟಿ ಆಸ್ಪತ್ರೆಗಳಲ್ಲಿ ಈ ಮೌನವನ್ನು ಒಡೆಯುವ ಕೆಲಸಕ್ಕೆ ಇಳಿದರು.

ಮೌನ ಒಡೆಯಲು ಭಾಷಣ ಸಾಲದು, ಅಧಿಕಾರ ಕೊಡಬೇಕು ಎಂದು ತೋರಿಸಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೊಸ್ಟ್. ಐಸಿಯು ರೋಗಿಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕುವಾಗ ಸೋಂಕು ತಗಲದಂತೆ ಮಾಡಬೇಕಾದ ಐದು ಕೆಲಸಗಳನ್ನು 2001ರಲ್ಲಿ ಅವರು ಒಂದು ಹಾಳೆಯಲ್ಲಿ ಬರೆದರು. ಕೈ ತೊಳೆಯುವುದು, ಚರ್ಮಕ್ಕೆ ಔಷಧ ಹಚ್ಚುವುದು, ರೋಗಿಯನ್ನು ಪೂರ್ತಿ ಹೊದಿಸುವುದು, ಇಂಥವೇ. ಹೊಸದೇನೂ ಇಲ್ಲ, ಯಾವ ವಿದ್ಯಾರ್ಥಿಯೂ ಹೇಳಬಲ್ಲ. ತಿಂಗಳು ನೋಡಿ ಲೆಕ್ಕ ಇಡಿ ಎಂದು ನರ್ಸ್‌ಗಳಿಗೆ ಹೇಳಿದರೆ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ಡಾಕ್ಟರುಗಳು ಒಂದಾದರೂ ಹೆಜ್ಜೆ ಬಿಟ್ಟಿದ್ದರು. ಆಮೇಲೆ ಬಂದದ್ದೇ ನಿಜವಾದ ಹೊಸತು: ಹೆಜ್ಜೆ ತಪ್ಪಿದರೆ ಡಾಕ್ಟರನ್ನು ಅಲ್ಲೇ ತಡೆಯಿರಿ, ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದು ಆಡಳಿತ ಮಂಡಳಿ ನರ್ಸ್‌ಗಳಿಗೆ ಹೇಳಿತು. ಅದೇ ಕ್ರಮವನ್ನು ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಜಾರಿಗೆ ತಂದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಈ ಬಗೆಯ ಸೋಂಕು ಶೇ 66ರವರೆಗೆ ಕಡಿಮೆಯಾಗಿತ್ತು. ಹಾಳೆ ಹಾಳೆಯಷ್ಟೇ, ಅದನ್ನು ನಮ್ಮ ಆಸ್ಪತ್ರೆಗಳೂ ಗೋಡೆಗೆ ಅಂಟಿಸಿವೆ. ತಡೆಯುವ ಅಧಿಕಾರವನ್ನು ಗೋಡೆಗೆ ಅಂಟಿಸಲು ಬರುವುದಿಲ್ಲ.

ಆಸ್ಟ್ರೇಲಿಯಾದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ತುರ್ತು ವೈದ್ಯಕೀಯ ತಂಡವೊಂದು ಶುರುವಾಯಿತು. ನಾಡಿ, ಉಸಿರು, ರಕ್ತದೊತ್ತಡ ಇಷ್ಟಕ್ಕಿಂತ ಏರಿದರೆ, ಇಳಿದರೆ ವಾರ್ಡಿನ ನರ್ಸ್ ಯಾರ ಅನುಮತಿಗೂ ಕಾಯದೆ ಆ ತಂಡವನ್ನು ಕರೆಯಬಹುದು. ಇಂಥ ತಂಡಗಳನ್ನು ಕರೆಯಲು ಇರುವ ಕಾರಣಗಳ ಪಟ್ಟಿಯಲ್ಲಿ ಅಂಕಿಗೇ ಸಿಗದ ಒಂದು ಕಾರಣವೂ ಸೇರಿದೆ: ರೋಗಿಯ ಬಗ್ಗೆ ಸಿಬ್ಬಂದಿಗೆ ಆತಂಕ ಅನಿಸಿದರೆ. ನಮ್ಮ ಸಿಸ್ಟರ್ ಹೇಳುವ ‘ಯಾಕೋ ಸರಿ ಇಲ್ಲ’ ಎಂಬುದಕ್ಕೆ ಅಲ್ಲಿ ಖಾನೆ ಸಿಕ್ಕಿತು.

ಏಳು ಡಾಕ್ಟರಿಗೆ ಒಬ್ಬ ನರ್ಸ್

ನಮ್ಮಲ್ಲಿ ಏಕೆ ಹೀಗೆ ಎನ್ನುವುದಕ್ಕೆ ಇತಿಹಾಸ ಇದೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ ಭೋರ್ ಸಮಿತಿ ದೇಶದ ಆರೋಗ್ಯದ ಲೆಕ್ಕ ಕೊಟ್ಟಾಗ ಆರು ಸಾವಿರ ಚಿಲ್ಲರೆ ಜನಕ್ಕೆ ಒಬ್ಬ ಡಾಕ್ಟರ್ ಇದ್ದರೆ, ನರ್ಸ್ ಇದ್ದದ್ದು 43,000 ಜನಕ್ಕೆ ಒಬ್ಬರು. ಅಂದರೆ ಏಳು ಡಾಕ್ಟರಿಗೆ ಒಬ್ಬ ನರ್ಸ್! ಮಲಮೂತ್ರ, ರಕ್ತ, ಕೀವು ಮುಟ್ಟುವ ಕೆಲಸ, ಅದೂ ಪರಗಂಡಸರ ಮೈ ಮುಟ್ಟುವ ಕೆಲಸ, ಮೇಲೆ ರಾತ್ರಿ ಪಾಳಿ. ಮೇಲ್ಜಾತಿಯ ಮನೆಗಳು ಮಗಳನ್ನು ಡಾಕ್ಟರ್ ಮಾಡಲು ಹಂಬಲಿಸಿದವೇ ಹೊರತು ನರ್ಸ್ ಮಾಡಲು ಒಪ್ಪಲಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಮಾರ್ಥಾಸ್, ಮೈಸೂರಿನ ಮಿಷನ್ ಆಸ್ಪತ್ರೆಗಳಲ್ಲಿ ಸನ್ಯಾಸಿನಿಯರೂ ಕ್ರೈಸ್ತ ಹೆಣ್ಣುಮಕ್ಕಳೂ ಈ ಕೆಲಸವನ್ನು ಹೊತ್ತರು. ಡಾಕ್ಟರ್ ಮತ್ತು ನರ್ಸ್ ನಡುವಿನ ಅಂತರದಲ್ಲಿ ಓದಿನ ಜೊತೆ ಜಾತಿ, ಲಿಂಗ, ಮನೆಯ ಅನುಕೂಲ ಎಲ್ಲವೂ ಬೆರೆತಿವೆ. ಇಂದಿಗೂ ರೋಗಿಗಳು ಗಂಡು ನರ್ಸ್‌ನನ್ನು ‘ಡಾಕ್ಟ್ರೇ’ ಎನ್ನುತ್ತಾರೆ, ಸ್ಟೆತಸ್ಕೋಪ್ ಹಾಕಿಕೊಂಡ ಎಂ.ಡಿ. ಹುಡುಗಿಯನ್ನು ‘ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?’ ಎಂದು ಕೇಳುತ್ತಾರೆ. ನಮ್ಮ ಸಿನಿಮಾಗಳಂತೂ ಬಿಡಿ. ಡಾಕ್ಟರ್ ಕನ್ನಡಕ ತೆಗೆದು ‘24 ಗಂಟೆ ಕಳೀಬೇಕು’ ಎನ್ನುವಾಗ ಪಕ್ಕದಲ್ಲಿ ಟ್ರೇ ಹಿಡಿದು ನಿಂತವಳಿಗೆ ಒಂದು ಡೈಲಾಗ್ ಬರೆದವರು ಅಪರೂಪ.

ಸಂಖ್ಯೆಯ ಕೊರತೆ ಸಂಬಂಧವನ್ನು ಹೇಗೆ ಕೆಡಿಸುತ್ತದೆಂದು ನೋಡಬೇಕಾದರೆ ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿಗೆ ಹೋಗಬೇಕು. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಹಾಗಿರುವ ವಾರ್ಡನ್ನು ಓದುಗರು ಎಲ್ಲಾದರೂ ಕಂಡಿದ್ದರೆ ಅದೃಷ್ಟವಂತರು. ಇಂಡೆಂಟ್ ಬರೆದು, ಸ್ಟಾಕ್ ಎಣಿಸಿ, ರಿಜಿಸ್ಟರ್ ತುಂಬಿ, ಸಂಬಂಧಿಕರ ಬೈಗುಳ ಕೇಳಿ, ನಡುನಡುವೆ ರೋಗಿಯನ್ನೂ ನೋಡುವ ನರ್ಸ್ ಹಾಗೂ ನಾಲ್ಕು ವಾರ್ಡಿಗೆ ಒಬ್ಬರೇ ಇರುವ ಡ್ಯೂಟಿ ಡಾಕ್ಟರ್ ಒಬ್ಬರ ಮೇಲೊಬ್ಬರು ರೇಗದೆ ಇನ್ನಾರ ಮೇಲೆ ರೇಗಬೇಕು? ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ ಲಿಂಡಾ ಐಕನ್ 2002ರಲ್ಲಿ ಪ್ರಕಟಿಸಿದ ವರದಿ ಹೇಳುವ ಪ್ರಕಾರ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. ಇನ್ನು ಸಂಬಳ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಲು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನೇಮಕವಾದ ಸಮಿತಿ, ಅತಿ ಸಣ್ಣ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಅಷ್ಟನ್ನಾದರೂ ಕೊಡಿ ಎಂದು ಸಮಿತಿಯೇ ಹೇಳಬೇಕಾದ ಕೆಲಸದಲ್ಲಿರುವವರು ಕನ್ಸಲ್ಟೆಂಟ್ ಒಬ್ಬರನ್ನು ತಡೆದು ‘ಸರ್, ಇದು ತಪ್ಪು’ ಎನ್ನಬೇಕೆಂದು ನಾವು ಬಯಸುತ್ತಿದ್ದೇವೆ.

ಡಾಕ್ಟರ ಪರವಾಗಿಯೂ ಒಂದು ಮಾತಿದೆ. ಏನಾದರೂ ಆದರೆ ಮೊದಲು ಕಾಲರ್ ಹಿಡಿಸಿಕೊಳ್ಳುವವರು, ಕೋರ್ಟಿಗೆ ಅಲೆಯುವವರು ಅವರು. ಆ ಭಯವೂ ‘ನಾನು ಹೇಳಿದಷ್ಟು ಮಾಡಿ’ ಎಂಬ ಗಡಸುತನಕ್ಕೆ ಕಾರಣ. ನರ್ಸ್‌ಗಳೆಲ್ಲ ದೇವತೆಯರೂ ಅಲ್ಲ. ಸಿಸ್ಟರ್ ಒಬ್ಬರ ಕೆಂಗಣ್ಣಿಗೆ ಬಿದ್ದ ಹೌಸ್ ಸರ್ಜನ್‌ಗೆ ರಾತ್ರಿಯಿಡೀ ಪ್ಯಾರಾಸಿಟಮಾಲ್ ಬರೆಯಲು ಫೋನ್ ಬರುತ್ತಲೇ ಇರುತ್ತದೆ. ಆದರೆ ಅದೇ ಹೌಸ್ ಸರ್ಜನ್‌ಗೆ ಮಗುವಿನ ಕೈಯಲ್ಲಿ ನರ ಹುಡುಕಿ ಕ್ಯಾನುಲಾ ಹಾಕುವುದನ್ನು, ಲೇಬರ್ ವಾರ್ಡಿನಲ್ಲಿ ಯಾವಾಗ ಕಾಯಬೇಕು, ಯಾವಾಗ ಕೈಹಾಕಬೇಕೆಂಬುದನ್ನು ಪಕ್ಕದಲ್ಲಿ ನಿಂತು ಹೇಳಿಕೊಡುವುದೂ ಅವರೇ. ಇಂಟರ್ನ್‌ಶಿಪ್‌ನ ಮೊದಲ ತಿಂಗಳುಗಳಲ್ಲಿ ‘ಸಿಸ್ಟರ್, ಸ್ವಲ್ಪ ಹೇಳಿಕೊಡಿ’ ಎಂದವರು ಪಿ.ಜಿ. ಮುಗಿಸಿ ಬರುವ ಹೊತ್ತಿಗೆ ಆ ಪಾಠ ಮರೆತಿರುತ್ತಾರೆ. ಡಾಕ್ಟರ್ ಓದು ಕಲಿಸಿದವರ ಪಟ್ಟಿಯಲ್ಲಿ ನರ್ಸ್ ಹೆಸರು ಇರುವುದಿಲ್ಲ. ಕರ್ನಾಟಕದಲ್ಲಿ ವೈದ್ಯಕೀಯ, ನರ್ಸಿಂಗ್ ಎರಡೂ ಬಗೆಯ ಕಾಲೇಜುಗಳಲ್ಲಿ ಹೆಚ್ಚಿನವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿವೆ, ಎಷ್ಟೋ ಕಡೆ ಒಂದೇ ಕಾಂಪೌಂಡಿನಲ್ಲಿವೆ. ಒಂದೇ ಕೋಣೆಯಲ್ಲಿ ಕೂತು ಒಂದೇ ಪಾಠ ಕೇಳುವುದು ಮಾತ್ರ ಕಡಿಮೆ.

ಹಳದೀಪುರದ ಹೆಣ್ಣುಮಗಳು

ನರ್ಸ್‌ಗಳ ಮಾತಿಗೆ ದೇಶದ ಅತ್ಯುನ್ನತ ನ್ಯಾಯಾಲಯ ತೂಕ ಕೊಟ್ಟ ಒಂದು ಪ್ರಕರಣಕ್ಕೆ ಕನ್ನಡ ನೆಲದ ನಂಟಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ರಕ್ತ ನಿಂತು ಆಕೆ ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳ ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ಮೊದಲ ತಲೆಮಾರಿನವರು ನಿವೃತ್ತರಾದರು. ಆ ಘಟನೆಯ ಹೊತ್ತಿಗೆ ಹುಟ್ಟಿಯೇ ಇರದಿದ್ದವರು ಕೆಲಸಕ್ಕೆ ಸೇರಿ ಆ ಸರದಿಯನ್ನು ಮುಂದುವರಿಸಿದರು.

ಆಹಾರ ನಿಲ್ಲಿಸಿ ಆಕೆಗೆ ಮುಕ್ತಿ ಕೊಡಿ ಎಂದು ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಲಯ ಮೂವರು ವೈದ್ಯರ ಸಮಿತಿಯನ್ನು ಕಳಿಸಿತು. ವರ್ಷಗಟ್ಟಲೆ ಮಲಗಿದ್ದ ಆ ದೇಹದಲ್ಲಿ ಒಂದು ಬೆಡ್‌ಸೋರ್ ಇರಲಿಲ್ಲ. ಹಾಸಿಗೆ ಹುಣ್ಣಿನ ಬಗ್ಗೆ ತಿಳಿದವರಿಗೆ ಇದು ಎಂಥ ಮಾತೆಂದು ಅರ್ಥವಾಗುತ್ತದೆ. ರಾತ್ರಿ ಹಗಲು ಗಂಟೆಗಂಟೆಗೆ ಮೈ ಹೊರಳಿಸಿ, ಒರೆಸಿ, ಒಣಗಿಸಿ, ಒಂದು ದಿನವೂ ತಪ್ಪಿಸದೆ ಮಾಡಿದರೆ ಮಾತ್ರ ಅದು ಸಾಧ್ಯ. ಯಾವ ಪ್ರಿಸ್ಕ್ರಿಪ್ಷನ್‌ನಲ್ಲೂ ಅದನ್ನು ಬರೆದು ಕೊಡಲಾಗದು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ, ಆಕೆಯ ಪರವಾಗಿ ಮಾತನಾಡುವ ಹಕ್ಕು ಅರ್ಜಿದಾರರಿಗಿಂತ ಆಕೆಯನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೇ ಹೆಚ್ಚು ಎಂದರು. ಆಕೆ ಬದುಕಬೇಕೆಂದು ಡೀನ್‌ರಿಂದ ಹಿಡಿದು ನರ್ಸ್‌ಗಳವರೆಗೆ ಆಸ್ಪತ್ರೆ ಒಂದೇ ದನಿಯಲ್ಲಿ ಹೇಳಿತ್ತು. ಆ ನಿಲುವು ಸರಿಯೇ ಎಂದು ಇಂದಿಗೂ ವಾದಿಸಬಹುದು. ರೋಗಿಯನ್ನು ಬಲ್ಲವರು ಯಾರು ಎಂಬ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಉತ್ತರದ ಬಗ್ಗೆ ನನಗೆ ತಕರಾರಿಲ್ಲ.

ಉಪಕೇಂದ್ರದ ಪರದೆಯಲ್ಲಿ

ಈ ಸಂಬಂಧದ ಮುಂದಿನ ರೂಪ ದೊಡ್ಡ ಆಸ್ಪತ್ರೆಗಳಿಗಿಂತ ಹಳ್ಳಿಗಳಲ್ಲಿ ಬೇಗ ಕಾಣುತ್ತಿದೆ. 2018ರಿಂದ ಆರೋಗ್ಯ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮಾಡಿ, ಹೆಚ್ಚಾಗಿ ನರ್ಸಿಂಗ್ ಓದಿದವರನ್ನೇ ತರಬೇತಿ ಕೊಟ್ಟು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಿಸಲಾಗುತ್ತಿದೆ. ಜನರ ಬಾಯಲ್ಲಿ ಅವರು ‘ಸಿ.ಎಚ್.ಓ. ಮೇಡಂ’. ಬಿ.ಪಿ., ಶುಗರ್ ನೋಡುತ್ತಾರೆ, ಪಟ್ಟಿಯಲ್ಲಿರುವ ಮಾತ್ರೆ ಕೊಡುತ್ತಾರೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ಎಂ.ಬಿ.ಬಿ.ಎಸ್. ಓದದ ಆರೋಗ್ಯ ಕಾರ್ಯಕರ್ತರಿಗೆ ಸೀಮಿತ ಪರವಾನಗಿ ಕೊಡುವ ಮಾತೆತ್ತಿದಾಗ ಭಾರತೀಯ ವೈದ್ಯಕೀಯ ಸಂಘ ಬೀದಿಗಿಳಿದಿತ್ತು. ಅರ್ಧಂಬರ್ಧ ಓದಿದವರ ಕೈಗೆ ಹಳ್ಳಿಯವರನ್ನು ಒಪ್ಪಿಸುತ್ತೀರಾ ಎಂಬ ಅವರ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ಡಾಕ್ಟರುಗಳು ಬರದ ಊರಿನಲ್ಲಿ ಬೇರೆ ಯಾರು ಎಂಬ ಮರುಪ್ರಶ್ನೆಗೂ ಉತ್ತರ ಬಂದಿಲ್ಲ.

ಕೈಮೀರಿದ್ದು ಅನಿಸಿದರೆ ಸಿ.ಎಚ್.ಓ. ಮೇಡಂ ಇ–ಸಂಜೀವಿನಿ ಎಂಬ ಸರ್ಕಾರಿ ವಿಡಿಯೊ ಸೇವೆಯಲ್ಲಿ ಡಾಕ್ಟರನ್ನು ಕರೆಯುತ್ತಾರೆ. ಪರದೆಯಲ್ಲಿ ಡಾಕ್ಟರಿಗೆ ಮುಖ ಕಾಣುತ್ತದೆ; ಹೊಟ್ಟೆ ಮುಟ್ಟಿ ನೋಡಲು, ಊದಿದ ಕಾಲನ್ನು ಒತ್ತಿ ಎಷ್ಟು ಗುಳಿ ಬಿದ್ದಿತೆಂದು ನೋಡಲು, ಜ್ವರದ ಮೈಯ ವಾಸನೆ ತಿಳಿಯಲು ಅವರಿಗಾಗದು. ‘ಒತ್ತಿದರೆ ನೋವು ಅಂತಾರಾ? ಯಾವ ಕಡೆ? ಗಟ್ಟಿ ಅನಿಸ್ತಿದೆಯಾ?’ ಎಂದು ಅವರು ಕೇಳಲೇಬೇಕು, ಮೇಡಂ ನೇರವಾಗಿ ಹೇಳಲೇಬೇಕು. ಹೋದ ವಾರದ ಇನ್ಯಾವುದೋ ಪೇಶೆಂಟಿನ ನೆಪ ಹೇಳಿ ಸುತ್ತು ಬಳಸುವಷ್ಟು ಹೊತ್ತು ಹಳ್ಳಿಯ ನೆಟ್‌ವರ್ಕ್ ನಿಲ್ಲುವುದಿಲ್ಲ.